ಕರ್ನಲ್ ಟೈ ದ್ರೋಹಿಯೇ? ಮಗಳ ಪರವಾಗಿ ಒಂದು ಪ್ರಶ್ನೆ

ಮನ್‌ಮತ್‌ನ ತಾಯಿ (ನ್ಯೂಜೆರ್ಸಿ):

ಇತಿಹಾಸ ಓದಿಕೊಂಡವರು ಇಲ್ಲಿ ಹಲವರಿದ್ದೀರಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ 250 ವರ್ಷ ತುಂಬುವ ನೆಪದಲ್ಲಿ ಮಗಳ ಶಾಲೆಯಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಆ ಕಾಲದ ಒಬ್ಬೊಬ್ಬ ಸ್ಥಳೀಯ ವ್ಯಕ್ತಿಯನ್ನು ಹಂಚಿದ್ದಾರೆ. ಆ ವ್ಯಕ್ತಿಯೇ ತಾನಾಗಿ ನಾಲ್ಕು ನಿಮಿಷ ಮಾತನಾಡಬೇಕು. ನಮ್ಮವಳ ಪಾಲಿಗೆ ಬಂದದ್ದು ಕರ್ನಲ್ ಟೈ. ನಾವಿರುವುದು ಮನ್‌ಮತ್ ಕೌಂಟಿಯಲ್ಲಿ, ಅವನೂ ಇಲ್ಲಿಯವನೇ. ನಿಜವಾದ ಹೆಸರು ಟೈಟಸ್, ಜಾನ್ ಕಾರ್ಲಿಸ್ ಎಂಬವನ ಗುಲಾಮ. 1775ರ ನವೆಂಬರ್‌ನಲ್ಲಿ ತಪ್ಪಿಸಿಕೊಂಡು ಹೋಗಿ, ಮುಂದೆ ಬ್ರಿಟಿಷರ ಪರ ನಿಂತು, ತಾನು ದುಡಿದ ಇದೇ ಊರುಗಳ ಮೇಲೆ ರಾತ್ರಿ ದಾಳಿ ನಡೆಸಿದ. ದನಕರು ಹೊಡೆದುಕೊಂಡು ಹೋದ, ಸ್ಥಳೀಯ ಸೇನೆಯ ಅಧಿಕಾರಿಗಳನ್ನು ಹಿಡಿದುಕೊಂಡು ಹೋದ. ಹಾಗೆ ಹೋದಾಗಲೆಲ್ಲ ಇಲ್ಲಿನ ಗುಲಾಮರನ್ನು ಬಿಡಿಸಿಯೂ ಕರೆದೊಯ್ದ. ಕರ್ನಲ್ ಎಂಬುದು ಸೇನೆ ಕೊಟ್ಟ ಹುದ್ದೆಯಲ್ಲ, ಜನ ಗೌರವದಿಂದ ಕರೆದದ್ದು. 1780ರಲ್ಲಿ ಒಂದು ದಾಳಿಯಲ್ಲಿ ಮಣಿಕಟ್ಟಿಗೆ ಗುಂಡು ತಗುಲಿತು. ಗಾಯ ಸಣ್ಣದು, ಆದರೆ ಧನುರ್ವಾಯು ಆಗಿ ಸತ್ತ.

ಮಗಳಿಗೆ ಅವನ ಹುಚ್ಚೇ ಹಿಡಿದಿದೆ. ತೊಂದರೆ ಶುರುವಾದದ್ದು ಪೋಷಕರ ಗುಂಪಿನಲ್ಲಿ. ದೇಶದ ಹುಟ್ಟುಹಬ್ಬದ ದಿನ ದ್ರೋಹಿಯೊಬ್ಬನನ್ನು ವೇದಿಕೆ ಹತ್ತಿಸುವುದು ಏಕೆ ಎಂದು ಒಬ್ಬರು ಬರೆದರು. ಅವರ ಪೂರ್ವಜರ ಮನೆ ಈ ಭಾಗದಲ್ಲೇ ಇತ್ತಂತೆ, ಅವರ ಸಿಟ್ಟು ನಟನೆಯದಲ್ಲ. ಮರುದಿನ ಶಿಕ್ಷಕಿ, ಬೇಕಿದ್ದರೆ ಬೇರೆ ವ್ಯಕ್ತಿಯನ್ನು ಕೊಡುತ್ತೇನೆ ಎಂದು ಮಗಳಿಗೆ ಮೆತ್ತಗೆ ಹೇಳಿದ್ದಾರೆ. ಇವಳು ಒಪ್ಪಿಲ್ಲ.

ನಮ್ಮ ಯಜಮಾನರು ‘ನಮಗೇಕೆ ಊರ ಉಸಾಬರಿ, ನಾವು ನಿನ್ನೆ ಮೊನ್ನೆ ಬಂದವರು’ ಎನ್ನುತ್ತಾರೆ. ಆ ಮಾತು ನನಗೆ ಹಿಡಿಸಲಿಲ್ಲ. ಇವಳು ಹುಟ್ಟಿದ್ದು ಇಲ್ಲೇ. ಈ ದೇಶದ ಹುಟ್ಟಿನ ಕಥೆಯಲ್ಲಿ ಬಾಯಿ ಹಾಕಲು ಇವಳಿಗೆ ಹಕ್ಕಿಲ್ಲದಿದ್ದರೆ ಮತ್ತೆ ಯಾರಿಗಿದೆ?

ದ್ರೋಹಿ ಎಂದವರಿಗೆ ಮಗಳು ಏನು ಉತ್ತರ ಕೊಡಬೇಕು? ಹಾಗೆಂದು ಬ್ರಿಟಿಷರನ್ನು ಪುಣ್ಯಾತ್ಮರು ಮಾಡುವುದಂತೂ ನನಗೆ ಬೇಡ. ಶ್ರೀರಂಗಪಟ್ಟಣದ ಪಕ್ಕದ ಊರಿನಲ್ಲಿ ಬೆಳೆದವಳು ನಾನು.

ಹ್ಯಾಲಿಫ್ಯಾಕ್ಸ್ ಕನ್ನಡಿಗ:

ಅಕ್ಕ, ನಾನಿರುವುದು ಕೆನಡಾದ ನೋವಾ ಸ್ಕೋಷಿಯಾದಲ್ಲಿ. ಟೈ ಸಾಯದೆ ಉಳಿದಿದ್ದರೆ ಬಹುಶಃ ಇಲ್ಲಿಗೇ ಬಂದಿಳಿಯುತ್ತಿದ್ದ. ಅವನ ಹಾಗೆ ಓಡಿ ಬಂದವರು ಇಳಿದದ್ದು ಇಲ್ಲಿಂದ ದಕ್ಷಿಣಕ್ಕಿರುವ ಶೆಲ್ಬರ್ನ್ ಬಂದರಿನ ಆಚೆ ದಡದ ಬರ್ಚ್‌ಟೌನ್‌ನಲ್ಲಿ. ನಾನು ಅಲ್ಲಿಗೆ ಹೋಗಿದ್ದೇನೆ. ನೆಲ ನೋಡಿದರೆ ಹೊಟ್ಟೆ ತಳಮಳಿಸುತ್ತದೆ. ಎಲ್ಲಿ ಗುದ್ದಲಿ ಹಾಕಿದರೂ ಬಂಡೆ, ಕುರುಚಲು ಮರ, ಜೌಗು. ಮನೆ ಕಟ್ಟಿಕೊಳ್ಳಲು ಆಗದವರು ನೆಲದಲ್ಲಿ ಗುಂಡಿ ತೋಡಿ, ಮೇಲೆ ಕಂಬಗಳ ಇಳಿಜಾರು ಮಾಡು ಹೊದಿಸಿ ಚಳಿಗಾಲ ಕಳೆದರು. ಅಂಥದೊಂದರ ಮಾದರಿಯನ್ನು ಈಗ ಅಲ್ಲಿ ಕಟ್ಟಿಟ್ಟಿದ್ದಾರೆ. ಬಗ್ಗಿ ಒಳಗೆ ಹೋದರೆ ನೆಟ್ಟಗೆ ನಿಲ್ಲಲು ನಡುವೆ ಮಾತ್ರ ಜಾಗ.

ಈಗ ನಿಮ್ಮ ಪ್ರಶ್ನೆ. ದ್ರೋಹಿ ಅನ್ನಬೇಕಾದರೆ ಮೊದಲು ಅವನು ಆ ದೇಶದವನಾಗಿರಬೇಕಲ್ಲವೇ? ಟೈಟಸ್‌ನನ್ನು ಯಾವ ದೇಶ ತನ್ನವನೆಂದಿತ್ತು? 1775ರಲ್ಲಿ ಅವನು ಕಾರ್ಲಿಸ್‌ನ ಆಸ್ತಿ. ಕಾರ್ಲಿಸ್ ಕ್ವೇಕರ್ ಎಂಬ ಕ್ರೈಸ್ತ ಪಂಥದವನು. ಗುಲಾಮರಿಗೆ ಪ್ರಾಯ ತುಂಬಿದ ಮೇಲೆ ಬಿಡುಗಡೆ ಮಾಡಬೇಕೆಂದು ಅವನ ಪಂಥದವರೇ ಮನೆಗೆ ಬಂದು ಹೇಳಿದರೂ ಅವನು ಒಪ್ಪಲಿಲ್ಲ. ಓಡಿಹೋದವನನ್ನು ಹಿಡಿದು ಕೊಡಿ ಎಂದು ಕಾರ್ಲಿಸ್ ಕೊಟ್ಟ ಪತ್ರಿಕಾ ಜಾಹೀರಾತನ್ನು ಮಗಳಿಗೆ ತೋರಿಸಿ. ಟೈಟಸ್, ವಯಸ್ಸು ಸುಮಾರು 21, ಹತ್ತಿರ ಹತ್ತಿರ ಆರು ಅಡಿ ಎತ್ತರ, ಮನೆಯಲ್ಲಿ ನೇಯ್ದ ಬೂದು ಕೋಟು, ಕಂದು ಚಲ್ಲಣ, ನೀಲಿ ಬಿಳಿ ಕಾಲುಚೀಲ, ಬಾಯಿಗೆ ದಾರ ಕಟ್ಟಿದ ಬಟ್ಟೆಯ ಗಂಟು, ಹಿಡಿದು ಕೊಟ್ಟವರಿಗೆ ಮೂರು ಪೌಂಡ್. ಹೆಸರು ಬದಲಿಸಿಕೊಂಡರೂ ಬದಲಿಸಿಕೊಳ್ಳಬಹುದು ಎಂದು ಒಡೆಯ ಅದರಲ್ಲೇ ಎಚ್ಚರಿಸುತ್ತಾನೆ.

ವರ್ಜೀನಿಯಾದ ಗವರ್ನರ್ ಡನ್‌ಮೋರ್ 1775ರ ನವೆಂಬರ್ 7ರಂದು ಒಂದು ಘೋಷಣೆಗೆ ಸಹಿ ಹಾಕಿದ. ಬಂಡುಕೋರರ ಗುಲಾಮರು ಬ್ರಿಟಿಷ್ ಸೈನ್ಯ ಸೇರಿದರೆ ಬಿಡುಗಡೆ ಎಂದು. 1779ರಲ್ಲಿ ಹೆನ್ರಿ ಕ್ಲಿಂಟನ್ ಅದನ್ನು ಇನ್ನೂ ವಿಸ್ತರಿಸಿದ. ಇದಕ್ಕೆ ಬಂಡುಕೋರರ ಪ್ರತಿಕ್ರಿಯೆ ಎಲ್ಲಿದೆ ಗೊತ್ತೇ? ಸ್ವಾತಂತ್ರ್ಯ ಘೋಷಣೆಯಲ್ಲೇ ಇದೆ. ದೊರೆಯ ಮೇಲಿನ ದೂರುಗಳ ಪಟ್ಟಿಯ ಕೊನೆಯಲ್ಲಿ, ಅವನು ನಮ್ಮೊಳಗೇ ದಂಗೆ ಎಬ್ಬಿಸಿದ, ಗಡಿಯ ‘ಕರುಣೆಯಿಲ್ಲದ ಇಂಡಿಯನ್ ಕಾಡುಜನ’ರನ್ನು ನಮ್ಮ ಮೇಲೆ ಬಿಟ್ಟ ಎಂದು ಬರೆದಿದ್ದಾರೆ. ಎಲ್ಲರೂ ಸಮಾನರು ಎಂದ ಕಾಗದವೇ ಯಾರು ನಮ್ಮವರಲ್ಲ ಎಂಬುದನ್ನೂ ಹೇಳಿದೆ. ಮೊದಲ ಸಾಲನ್ನು ಬಾಯಿಪಾಠ ಮಾಡಿಸುವ ಶಾಲೆ ಈ ಕೊನೆಯ ದೂರನ್ನೂ ಓದಿಸಬೇಕು.

ನನ್ನ ಮನಸ್ಸಿನಲ್ಲಿ ಕೂತಿರುವವನು ಮಾತ್ರ ಟೈ ಅಲ್ಲ, ಹ್ಯಾರಿ ವಾಷಿಂಗ್ಟನ್. ಆಫ್ರಿಕಾದ ಗ್ಯಾಂಬಿಯಾ ಕಡೆಯಲ್ಲಿ ಹುಟ್ಟಿದವನು. ಜಾರ್ಜ್ ವಾಷಿಂಗ್ಟನ್ ಅವನನ್ನು ಕೊಂಡದ್ದು 1763ರಲ್ಲಿ. ಯುದ್ಧ ಶುರುವಾದಾಗ ಡನ್‌ಮೋರ್‌ನ ಕಡೆಗೆ ಓಡಿದ, ಬ್ಲ್ಯಾಕ್ ಪಯೊನೀರ್ಸ್ ಎಂಬ ತುಕಡಿಯಲ್ಲಿ ಕಾರ್ಪೊರಲ್ ಆದ. ಯುದ್ಧ ಮುಗಿದಾಗ ಅವನಂಥವರು ಸಾವಿರಾರು ಮಂದಿ ನ್ಯೂಯಾರ್ಕ್‌ನಲ್ಲಿ ಸಿಕ್ಕಿಬಿದ್ದಿದ್ದರು. ಶಾಂತಿ ಒಪ್ಪಂದದ ಏಳನೆಯ ಕಲಂ, ಬ್ರಿಟಿಷರು ಹೋಗುವಾಗ ನೀಗ್ರೋಗಳನ್ನಾಗಲಿ ಇತರ ಆಸ್ತಿಯನ್ನಾಗಲಿ ಒಯ್ಯಬಾರದು ಎಂದಿತ್ತು. ಒಡೆಯರು ಊರಿಗೇ ಬಂದು ಬೀದಿಯಲ್ಲಿ, ಹಾಸಿಗೆಯಲ್ಲಿ ಮಲಗಿದ್ದಲ್ಲಿ ಹಿಡಿಯುತ್ತಿದ್ದರೆಂದೂ ಆ ಭಯದಲ್ಲಿ ಅನ್ನ ನಿದ್ದೆ ಬಿಟ್ಟುಹೋಗಿತ್ತೆಂದೂ ಬಾಸ್ಟನ್ ಕಿಂಗ್ ಎಂಬ ಬಡಗಿ ತನ್ನ ಆತ್ಮಕಥನದಲ್ಲಿ ಬರೆದಿದ್ದಾನೆ.

ಬ್ರಿಟಿಷ್ ಸೇನಾಪತಿ ಗೈ ಕಾರ್ಲಟನ್ 1783ರ ಮೇ 6ರಂದು ಟಾಪನ್ ಎಂಬಲ್ಲಿ ವಾಷಿಂಗ್ಟನ್‌ನನ್ನು ಭೇಟಿಯಾದ. ವಾಷಿಂಗ್ಟನ್ ಒತ್ತಿ ಕೇಳಿದ್ದು ಗುಲಾಮರನ್ನು ಹಿಂದಿರುಗಿಸುವ ವಿಷಯ. ನಾವು ಮಾತು ಕೊಟ್ಟಾಗಿದೆ, ಕೆಲವರು ಆಗಲೇ ಹಡಗು ಹತ್ತಿದ್ದಾರೆ ಎಂದು ಕಾರ್ಲಟನ್ ಹೇಳಿದ. ಹಾಗೆ ಏಪ್ರಿಲ್ ಕೊನೆಯಲ್ಲೇ ಹೊರಟವರಲ್ಲಿ ಡೆಬೊರಾ ಎಂಬ ಇಪ್ಪತ್ತರ ಹೆಣ್ಣುಮಗಳೂ ಒಬ್ಬಳು. ದಪ್ಪ ತುಟಿ, ಮುಖದ ಮೇಲೆ ಸಿಡುಬಿನ ಕಲೆ, ಮೊದಲು ಜನರಲ್ ವಾಷಿಂಗ್ಟನ್‌ನ ಗುಲಾಮಳು ಎಂದು ದಾಖಲೆಯಲ್ಲಿದೆ. ಸುಮಾರು 3,000 ಜನರ ಹೆಸರಿರುವ ಆ ದಾಖಲೆಯನ್ನು ‘ಬುಕ್ ಆಫ್ ನೀಗ್ರೋಸ್’ ಎನ್ನುತ್ತಾರೆ. ಹ್ಯಾರಿಯೂ ಆ ಬೇಸಿಗೆಯಲ್ಲಿ ಹಡಗು ಹತ್ತಿ ಬರ್ಚ್‌ಟೌನ್‌ಗೆ ಬಂದ.

ಬಂದು ಸುಖಪಟ್ಟರೇ? ಇಲ್ಲ. ಕೊಡುತ್ತೇವೆಂದ ಜಮೀನು ಬಹಳಷ್ಟು ಜನರಿಗೆ ಸಿಗಲೇ ಇಲ್ಲ, ಸಿಕ್ಕವರಿಗೆ ಬಂಡೆ ಸಿಕ್ಕಿತು. ಬಿಳಿಯ ರಾಜನಿಷ್ಠರು ತಮ್ಮ ಗುಲಾಮರನ್ನು ಗುಲಾಮರಾಗಿಯೇ ಜೊತೆಗೆ ತಂದಿದ್ದರು. 1784ರ ಜುಲೈನಲ್ಲಿ ಶೆಲ್ಬರ್ನ್‌ನಲ್ಲಿ ಕೆಲಸವಿಲ್ಲದ ಮಾಜಿ ಸೈನಿಕರು, ಇವರು ಕಡಿಮೆ ಕೂಲಿಗೆ ದುಡಿಯುತ್ತಾರೆಂದು ಕಪ್ಪು ಜನರ ಮನೆಗಳನ್ನು ಹಗ್ಗ ಹಾಕಿ ಎಳೆದು ಕೆಡವಿದರು. ಪಾದ್ರಿ ಡೇವಿಡ್ ಜಾರ್ಜ್‌ನ ಮನೆಯೂ ಹೋಯಿತು. ಕೊನೆಗೆ 1792ರ ಜನವರಿಯಲ್ಲಿ ಸುಮಾರು 1,200 ಜನ ಹ್ಯಾಲಿಫ್ಯಾಕ್ಸ್‌ನಿಂದ ಹದಿನೈದು ಹಡಗುಗಳಲ್ಲಿ ಸಿಯೆರಾ ಲಿಯೋನ್‌ಗೆ ಹೊರಟರು. ಹ್ಯಾರಿಯೂ ಹೋದ. ಅಲ್ಲಿ ಆಳುವ ಕಂಪನಿ ಅವರ ಜಮೀನಿನ ಮೇಲೆ ಕಂದಾಯ ಹಾಕಿತು. ತಮ್ಮನ್ನು ಕೇಳದೆ ಹಾಕಿದ ಕಂದಾಯ ಕೊಡುವುದಿಲ್ಲ ಎಂದು 1800ರಲ್ಲಿ ಅವನೂ ಅವನ ಜೊತೆಗಾರರೂ ದಂಗೆ ಎದ್ದರು. ಸೋತರು. ಅವನನ್ನು ಗಡೀಪಾರು ಮಾಡಿದರು. ಜಾರ್ಜ್ ವಾಷಿಂಗ್ಟನ್‌ನ ಕಡೆಯವರದೂ ಅದೇ ದೂರು, ಇಬ್ಬರದೂ ಅದೇ ಅಡ್ಡಹೆಸರು, ಆದರೆ ಒಬ್ಬನ ಹೆಸರಿನಲ್ಲಿ ರಾಜಧಾನಿ ಇದೆ.

ಫಿಲಡೆಲ್ಫಿಯಾ ವಾಸಿ:

ಎರಡು ಮಾತು ಒಪ್ಪಲಾಗದೆ ಬರೆಯುತ್ತಿದ್ದೇನೆ. ಆ ಕಾಲದವರನ್ನು ಇಂದಿನ ಅಳತೆಗೋಲಿನಿಂದ ಅಳೆದರೆ ಯಾರೂ ಉಳಿಯುವುದಿಲ್ಲ. ಕ್ರಾಂತಿಯ ಮಾತುಗಳನ್ನು ಗುಲಾಮರೇ ಕೈಗೆತ್ತಿಕೊಂಡು ಗೆದ್ದದ್ದೂ ಇದೆ. ಮ್ಯಾಸಚೂಸೆಟ್ಸ್‌ನ 1780ರ ಸಂವಿಧಾನ ಎಲ್ಲರೂ ಹುಟ್ಟಿನಿಂದ ಸ್ವತಂತ್ರರು ಎಂದಿತು. ಎಲಿಜಬೆತ್ ಫ್ರೀಮನ್ ಎಂಬ ಗುಲಾಮ ಹೆಂಗಸು ಹಾಗಾದರೆ ನಾನೇಕೆ ಅಲ್ಲ ಎಂದು 1781ರಲ್ಲಿ ನ್ಯಾಯಾಲಯಕ್ಕೆ ಹೋದಳು. ಗೆದ್ದಳು. ನಮ್ಮ ಪೆನ್ಸಿಲ್ವೇನಿಯಾ 1780ರಲ್ಲೇ ಹಂತಹಂತವಾಗಿ ಗುಲಾಮಗಿರಿ ಕೊನೆಗಾಣಿಸುವ ಕಾಯ್ದೆ ಮಾಡಿತು. ವಾಷಿಂಗ್ಟನ್ ತನ್ನ ಸ್ವಂತ ಹಕ್ಕಿನಲ್ಲಿದ್ದ 123 ಜನರ ಬಿಡುಗಡೆಯನ್ನು ಉಯಿಲಿನಲ್ಲಿ ಬರೆದಿಟ್ಟು ಸತ್ತ. ಬ್ರಿಟಿಷರ ವಿರುದ್ಧ ಹೋರಾಡಿದ ಕಪ್ಪು ಸೈನಿಕರೂ ಸುಮಾರು 5,000 ಇದ್ದರು, ಅವರಿಗೇನು ಹೇಳುತ್ತೀರಿ? ಮೇಡಂ, ನಿಮ್ಮ ನ್ಯೂಜೆರ್ಸಿಯ 1776ರ ಸಂವಿಧಾನವಂತೂ ಐವತ್ತು ಪೌಂಡ್ ಆಸ್ತಿಯಿದ್ದ ಎಲ್ಲ ನಿವಾಸಿಗಳಿಗೂ ಮತದ ಹಕ್ಕು ಕೊಟ್ಟಿತ್ತು. ಗಂಡನಿಲ್ಲದ ಹೆಂಗಸರೂ, ಸ್ವತಂತ್ರ ಕಪ್ಪು ಜನರೂ ಅಲ್ಲಿ ಮತ ಹಾಕಿದ್ದಾರೆ. ಬಾಗಿಲು ಪೂರ್ತಿ ಮುಚ್ಚಿತ್ತು ಎನ್ನುವುದು ಸರಿಯಲ್ಲ.

ಹ್ಯಾಲಿಫ್ಯಾಕ್ಸ್ ಕನ್ನಡಿಗ:

ಸರ್, ಎಲಿಜಬೆತ್ ಫ್ರೀಮನ್ ಬಗ್ಗೆ ನನಗೂ ಅಷ್ಟೇ ಅಭಿಮಾನ. ಆದರೆ ನ್ಯೂಜೆರ್ಸಿ ಆ ಹಕ್ಕನ್ನು 1807ರಲ್ಲಿ ಕಿತ್ತುಕೊಂಡಿತು, ಬಿಳಿಯ ಗಂಡಸರಿಗೆ ಮಾತ್ರ ಉಳಿಸಿತು. ಅಳತೆಗೋಲು ಇಂದಿನದು ಅಲ್ಲವೇ ಅಲ್ಲ. ಕಾರ್ಲಿಸ್‌ನ ಮನೆಗೆ ಬಂದ ಕ್ವೇಕರರು ಆ ಕಾಲದವರೇ. ಓಡಿಹೋದ ಟೈಟಸ್ ಕೂಡ ಆ ಕಾಲದವನೇ.

ಯೂಟಿಕಾದಿಂದ:

ನಮ್ಮ ಊರಿನ ಹತ್ತಿರವೇ ಒರಿಸ್ಕನಿ ರಣಭೂಮಿ ಇದೆ. ದ್ರೋಹಿ ಎಂಬ ಮಾತು ಬಂದಾಗಲೆಲ್ಲ ನನಗೆ ಒನೈಡಾ ಜನ ನೆನಪಾಗುತ್ತಾರೆ. ಅವರೂ ಸೇರಿದ್ದ, ಇಲ್ಲಿನ ಆರು ಮೂಲನಿವಾಸಿ ಬುಡಕಟ್ಟುಗಳ ಒಕ್ಕೂಟ ಈ ಯುದ್ಧದಲ್ಲಿ ಒಡೆಯಿತು. ಜೋಸೆಫ್ ಬ್ರಾಂಟ್‌ನ ಜೊತೆ ಮೊಹಾಕರು ಬ್ರಿಟಿಷರ ಕಡೆ, ಒನೈಡಾಗಳು ಅಮೆರಿಕನ್ನರ ಕಡೆ. 1777ರ ಆಗಸ್ಟ್ 6ರಂದು ಒರಿಸ್ಕನಿಯಲ್ಲಿ ಸೋದರ ಬುಡಕಟ್ಟುಗಳವರು ಪರಸ್ಪರ ಕೊಂದುಕೊಂಡರು. 1779ರಲ್ಲಿ ವಾಷಿಂಗ್ಟನ್ ಕಳಿಸಿದ ಸಲಿವನ್‌ನ ಸೈನ್ಯ ಬ್ರಿಟಿಷರ ಪರವಿದ್ದವರ ನಲವತ್ತು ಹಳ್ಳಿಗಳನ್ನು, ಕಟಾವಿಗೆ ಬಂದ ಮೆಕ್ಕೆಜೋಳದ ಹೊಲಗಳ ಸಮೇತ ಸುಟ್ಟಿತು. ಸರಿ, ಅವರು ಶತ್ರುಗಳು ಎನ್ನೋಣ. ಜೊತೆಗೆ ನಿಂತು ಹೋರಾಡಿದ ಒನೈಡಾಗಳಿಗೆ ಸಿಕ್ಕಿದ್ದೇನು? ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ನ್ಯೂಯಾರ್ಕ್ ರಾಜ್ಯ ಅವರ ನೆಲದ ಬಹುಪಾಲನ್ನು ಕಬಳಿಸಿತು. 1783ರ ಪ್ಯಾರಿಸ್ ಒಪ್ಪಂದದಲ್ಲಿ ಯಾವ ಬುಡಕಟ್ಟಿನ ಹೆಸರೂ ಇಲ್ಲ. ಅಂದರೆ ನಿಷ್ಠೆ ತೋರಿಸಿದರೆ ನಮ್ಮವರಾಗುತ್ತೀರಿ ಎಂಬ ಲೆಕ್ಕ ಅಲ್ಲಿ ನಡೆಯಲೇ ಇಲ್ಲ. ಆ ಪೋಷಕರಿಗೆ ಮಗಳು ಇದನ್ನು ಹೇಳಬಹುದು.

ನಿವೃತ್ತ ಇತಿಹಾಸ ಮೇಷ್ಟ್ರು, ಮೈಸೂರು:

ತಂಗಿ, ಬ್ರಿಟಿಷರನ್ನು ಪುಣ್ಯಾತ್ಮರು ಮಾಡಬಾರದು ಎಂದಿರಲ್ಲ, ಆ ಎಚ್ಚರವನ್ನು ಬಿಡಬೇಡಿ. ಡನ್‌ಮೋರ್ ಸ್ವತಃ ಗುಲಾಮರ ಒಡೆಯ. ಬಿಡುಗಡೆ ಬಂಡುಕೋರರ ಗುಲಾಮರಿಗೆ ಮಾತ್ರ, ರಾಜನಿಷ್ಠರ ಗುಲಾಮರಿಗಲ್ಲ. ಅವನನ್ನು ನಂಬಿ ಬಂದವರಲ್ಲಿ ಬಹಳ ಮಂದಿ 1776ರಲ್ಲಿ ಸಿಡುಬಿಗೆ ಬಲಿಯಾದರು.

ಕಾರ್ನ್‌ವಾಲಿಸ್‌ನ ಕಥೆ ನಮಗೆ ಇನ್ನೂ ಹತ್ತಿರದ್ದು. 1781ರಲ್ಲಿ ಯಾರ್ಕ್‌ಟೌನ್ ಮುತ್ತಿಗೆಯಲ್ಲಿ ಆಹಾರ ಮುಗಿಯುತ್ತ ಬಂದಾಗ, ಅವನಿಗಾಗಿ ಕಂದಕ ತೋಡಿದ್ದ ಕಪ್ಪು ಜನರನ್ನೇ ಸಿಡುಬಿನ ಸಮೇತ ಕೋಟೆಯ ಹೊರಕ್ಕೆ ಅಟ್ಟಿದರು. ಅಕ್ಟೋಬರ್ 19ರಂದು ಅವನು ಶರಣಾದ. ಉಳಿದಿದ್ದವರನ್ನು ಒಡೆಯರು ಹುಡುಕಿ ಹಿಡಿದುಕೊಂಡು ಹೋದರು, ವಾಷಿಂಗ್ಟನ್‌ನ ಗುಲಾಮರೂ ಅವರಲ್ಲಿದ್ದರು. ಅದೇ ಕಾರ್ನ್‌ವಾಲಿಸ್ 1792ರಲ್ಲಿ ಶ್ರೀರಂಗಪಟ್ಟಣದ ಗೋಡೆಯ ಮುಂದೆ ನಿಂತು ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ತೆಗೆದುಕೊಂಡ, ಅರ್ಧ ರಾಜ್ಯವನ್ನು ಬರೆಸಿಕೊಂಡ.

ಮಕ್ಕಳಿಗೆ ಇಷ್ಟವಾಗುವ ಇನ್ನೊಂದು ಸಂಗತಿ. ಆಗ ಇತ್ತ ಹೈದರಾಲಿ ಇಂಗ್ಲಿಷರನ್ನು ಕಾಡುತ್ತಿದ್ದ ಸುದ್ದಿ ಅಮೆರಿಕ ಮುಟ್ಟಿತ್ತು. ಪೆನ್ಸಿಲ್ವೇನಿಯಾದವರು ತಮ್ಮ ಒಂದು ಯುದ್ಧನೌಕೆಗೆ ‘ಹೈದರ್ ಅಲಿ’ ಎಂದೇ ಹೆಸರಿಟ್ಟಿದ್ದರು. 1782ರ ಏಪ್ರಿಲ್ 8ರಂದು ಜೋಶುವಾ ಬಾರ್ನಿಯ ನಾಯಕತ್ವದಲ್ಲಿ ಅದು ಡೆಲವೇರ್ ಕೊಲ್ಲಿಯಲ್ಲಿ ತನಗಿಂತ ಬಲಶಾಲಿಯಾದ ಬ್ರಿಟಿಷ್ ನೌಕೆಯನ್ನು ಸೆರೆಹಿಡಿಯಿತು.

ಆದರೆ ಹೈದರನ ಹೆಸರಿಗೆ ಸಿಕ್ಕ ಮರ್ಯಾದೆ ಹೈದರನ ನಾಡಿನವರಿಗೆ ಸಿಗಲಿಲ್ಲ. 1790ರ ಪೌರತ್ವ ಕಾಯ್ದೆಯನ್ನು ಓದಿ. ಹೊರಗಿನಿಂದ ಬಂದವರಲ್ಲಿ ‘ಸ್ವತಂತ್ರ ಬಿಳಿಯ’ರಿಗೆ ಮಾತ್ರ ಪೌರತ್ವ ಎಂದು ಆ ಹೊಸ ದೇಶದ ಮೊದಲ ಕಾಂಗ್ರೆಸ್ಸೇ ಬರೆಯಿತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿ, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕನಾಗಿದ್ದವನು, ಸುಪ್ರೀಂ ಕೋರ್ಟಿನಲ್ಲಿ ಸೋತದ್ದು ಇದೇ ಮಾತಿನ ಮೇಲೆ. ಭಾರತೀಯರಿಗೆ ಪೌರತ್ವದ ದಾರಿ ತೆರೆದದ್ದು 1946ರಲ್ಲಿ. ನಿಮ್ಮ ಯಜಮಾನರಿಗೆ ಹೇಳಿ, ಇದು ಊರ ಉಸಾಬರಿ ಅಲ್ಲ. ಟೈಟಸ್‌ನನ್ನು ಹೊರಗಿಟ್ಟ ಗೆರೆಯೇ ಥಿಂಡ್‌ನನ್ನೂ ಹೊರಗಿಟ್ಟಿತು.

ಮನ್‌ಮತ್‌ನ ತಾಯಿ (ನ್ಯೂಜೆರ್ಸಿ):

ಎಲ್ಲರ ಉತ್ತರವನ್ನೂ ಮಗಳಿಗೆ ಕನ್ನಡದಲ್ಲೇ ಓದಿ ಹೇಳಿದೆ. ಮೇಷ್ಟ್ರೇ, ಥಿಂಡ್ ಪ್ರಕರಣವನ್ನು ಯಜಮಾನರೇ ಎರಡು ಸಲ ಓದಿಸಿದರು. ಏನೂ ಹೇಳಲಿಲ್ಲ. ಆದರೆ ಭಾಷಣದ ದಿನ ರಜೆ ಹಾಕಿದ್ದಾರೆ.

ಮಗಳು ಜಾಹೀರಾತನ್ನು ಹುಡುಕಿ ತೆಗೆದಳು. ಅವಳ ಕಣ್ಣಿಗೆ ಬಿದ್ದದ್ದು ಅದರ ತಾರೀಖು. ನವೆಂಬರ್ 8. ಡನ್‌ಮೋರ್ ಸಹಿ ಹಾಕಿದ್ದು ಹಿಂದಿನ ದಿನ, ದೂರದ ವರ್ಜೀನಿಯಾದಲ್ಲಿ. ಆ ಸುದ್ದಿ ಒಂದೇ ದಿನದಲ್ಲಿ ಇಲ್ಲಿಗೆ ಬರಲು ಸಾಧ್ಯವೇ ಇಲ್ಲ ಎಂದಳು. ಹಾಗಾದರೆ ಟೈಟಸ್ ಹೊರಟದ್ದು ದೊರೆಯ ಕಡೆಯವರು ಕರೆದರೆಂದಲ್ಲ, ಯಾರ ಪರವಾಗಿಯೂ ಅಲ್ಲ. ಮೊದಲು ಬಟ್ಟೆ ಗಂಟು ಕಟ್ಟಿ ಹೊರಬಿದ್ದ, ಯಾವ ಕಡೆ ಎಂಬುದು ಆಮೇಲಿನ ಮಾತು. ದ್ರೋಹಿ ಎಂದವರಿಗೆ ಉತ್ತರ ಇದೇ ಎಂದು ಅವಳು ತೀರ್ಮಾನಿಸಿದ್ದಾಳೆ. ಕೇಳಿ ನನಗೆ ಮೈ ಜುಮ್ಮೆಂದಿತು.

ಫಿಲಡೆಲ್ಫಿಯಾದ ಸರ್, ನಿಮ್ಮ ಮಾತನ್ನೂ ಬಿಡಲಿಲ್ಲ. ಎಲಿಜಬೆತ್ ಫ್ರೀಮನ್‌ಳನ್ನು ತರಗತಿಯ ಇನ್ನೊಬ್ಬ ಹುಡುಗಿಗೆ ಕೊಡಿ ಎಂದು ಶಿಕ್ಷಕಿಗೆ ಬರೆದಿದ್ದೇನೆ. ಸ್ಥಳೀಯಳಲ್ಲ, ಆದರೂ ಒಪ್ಪಿದ್ದಾರೆ. ಆಕ್ಷೇಪಿಸಿದ ಪೋಷಕರನ್ನೂ ಕಾರ್ಯಕ್ರಮಕ್ಕೆ ಬನ್ನಿ ಎಂದು ಕರೆದಿದ್ದೇನೆ. ಟೈನ ದಾಳಿಯಲ್ಲಿ ಮನೆ ಮಾರು ಕಳೆದುಕೊಂಡವರ ನೋವು ಸುಳ್ಳಲ್ಲ, ಅದನ್ನೂ ಒಂದು ವಾಕ್ಯದಲ್ಲಿ ಹೇಳು ಎಂದು ಮಗಳಿಗೆ ಹೇಳಿದ್ದೇನೆ. ಟೈ ಆಗಿ ನಿಂತು ಅದನ್ನು ಹೇಗೆ ಹೇಳುವುದು ಎಂದು ಅವಳಿನ್ನೂ ಒದ್ದಾಡುತ್ತಿದ್ದಾಳೆ.

ಹ್ಯಾಲಿಫ್ಯಾಕ್ಸ್ ತಮ್ಮ, ಒಂದು ಕೊನೆಯ ಪ್ರಶ್ನೆ. ಆ ದಾಖಲೆ ಪುಸ್ತಕದಲ್ಲಿ ಟೈನ ಜೊತೆಗಾರರು ಯಾರಾದರೂ ಸಿಗುತ್ತಾರೆಯೇ?

ಹ್ಯಾಲಿಫ್ಯಾಕ್ಸ್ ಕನ್ನಡಿಗ:

ಟೈ ಇರಲು ಸಾಧ್ಯವಿಲ್ಲ ಅಕ್ಕ, ಪಟ್ಟಿ ಬರೆದದ್ದು 1783ರಲ್ಲಿ. ಆದರೆ ನ್ಯೂಜೆರ್ಸಿಯಿಂದ ಓಡಿ ಬಂದವರು ಅದರಲ್ಲಿ ಇದ್ದಾರೆ. ನೋವಾ ಸ್ಕೋಷಿಯಾದ ಸರ್ಕಾರಿ ದಾಖಲೆಗಾರದವರು ಇಡೀ ಪಟ್ಟಿಯನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದ್ದಾರೆ. ಹಡಗಿನ ಹೆಸರು, ಅದು ಹೋಗುವ ಊರು, ವ್ಯಕ್ತಿಯ ಹೆಸರು, ವಯಸ್ಸು, ಚಹರೆ, ಹೀಗೆ ಸಾಲಾಗಿ ಇರುತ್ತದೆ. ಕೊನೆಯ ಷರಾ ಅಂಕಣವನ್ನು ಮಾತ್ರ ಬಿಡದೆ ಓದಲು ಹೇಳಿ. ಹಿಂದಿನ ಒಡೆಯ ಯಾರು, ಯಾವ ಊರು, ಬಿಟ್ಟು ಬಂದು ಎಷ್ಟು ವರ್ಷವಾಯಿತು ಎಂಬುದೆಲ್ಲ ಅಲ್ಲಿದೆ. ಮನ್‌ಮತ್ ಎಂಬ ಹೆಸರನ್ನೂ ಶ್ರೂಸ್‌ಬರಿ ಎಂಬ ಹೆಸರನ್ನೂ ಹುಡುಕಲಿ. ಕಾರ್ಲಿಸ್ ತನ್ನ ಜಾಹೀರಾತಿನಲ್ಲಿ ಕೊಟ್ಟಿದ್ದ ವಿಳಾಸ ಶ್ರೂಸ್‌ಬರಿಯದೇ. ಅಕ್ಷರ ತಿಳಿಯದಿದ್ದರೆ ಪುಟದ ಚಿತ್ರ ಕಳಿಸಿ, ನಾನು ಓದಿ ಹೇಳುತ್ತೇನೆ.